ನೋವು ತರಿಸುವ ಸೂಜಿ

ಹೆರಿಗೆ ವಾರ್ಡಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ನನ್ನ ತಂಗಿಯ ನಾದಿನಿಯ ಮಗಳು. ಕಾಫಿ ಕುಡಿಯುತ್ತ, “ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಸಿಸ್ಟರ್ ಅಂದ್ರೆ ಜನ ಕೈ ಮುಗೀತಿದ್ರಂತೆ. ಈಗ ಯಾರೂ ಕ್ಯಾರೇ ಅನ್ನಲ್ಲ” ಎಂದಳು. ನನಗೆ ಮೈಯೆಲ್ಲ ಉರಿಯಿತು. ಕೈ ಮುಗಿಯುತ್ತಿದ್ದದ್ದು ನಿಜ. ಹೆದರಿ ಮುಗಿಯುತ್ತಿದ್ದರು. ಒಳಗೆ ಮಲಗಿದ್ದ ಮಗಳನ್ನು ಬೈಯದಿರಲಿ, ತೊಡೆಗೆ ಹೊಡೆಯದಿರಲಿ, ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗದಿರಲಿ ಎಂದು ಮುಗಿಯುತ್ತಿದ್ದರು.

ಸಿಟ್ಟು ಬಂದರೆ ನನಗೆ ಬಾಯಲ್ಲಿ ಮಾತು ಸರಿಯಾಗಿ ಹೊರಡುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಇವೆಲ್ಲ ಬೇಕಿದ್ದವರು ಬೇರೆ ಯಾರನ್ನಾದರೂ ಕೇಳಿ. ನಾನು ಹೇಳಬೇಕಾದದ್ದು ನಾವು ಚುಚ್ಚಿದ ಸೂಜಿಗಳ ವಿಷಯ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕು ಬಿಟ್ಟು ನಾನು ಹೊರಗೆ ಕೆಲಸ ಮಾಡಲಿಲ್ಲ. ವರ್ಗವಾದರೂ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬಂದು ಒಲೆಯ ಮೇಲೆ ಸಾರು ಇಡುವಷ್ಟು ದೂರ. ಈಗ ಬರೆಯುತ್ತಿರುವುದು ಯಾವ ಆಸ್ಪತ್ರೆಯ ಕಥೆ ಎಂದು ಹೇಳುವುದಿಲ್ಲ. ಹೇಳಿದರೆ ಅದೊಂದೇ ಕೆಟ್ಟದ್ದು, ಉಳಿದವೆಲ್ಲ ಚಿನ್ನ ಎಂದಾಗಿಬಿಡುತ್ತದೆ.

ತೊಂಬತ್ತರ ದಶಕದ ಶುರುವಿನ ಹೆರಿಗೆ ಕೋಣೆಯನ್ನು ಈಗಿನವರು ಊಹಿಸಿಕೊಳ್ಳುವುದು ಕಷ್ಟ. ಗಾಜಿನ ಸಿರಿಂಜುಗಳನ್ನು ಬೆಳಿಗ್ಗೆ ನೀರಲ್ಲಿ ಕುದಿಸಬೇಕು. ಮೊಂಡಾದ ಸೂಜಿಗಳನ್ನು ಸಣ್ಣ ಕಲ್ಲಿನ ಮೇಲೆ ಮಸೆಯಬೇಕು. ತೊಳೆದ ಗ್ಲೌಸುಗಳನ್ನು ಹಿತ್ತಿಲ ತಂತಿಯ ಮೇಲೆ ಒಣಹಾಕಿ, ತೂತು ಬಿದ್ದಿದೆಯೇ ಎಂದು ಊದಿ ನೋಡಿ, ಪೌಡರು ಹಚ್ಚಿ ಮಡಿಸಿಡಬೇಕು. ವಾರ್ಡಿನ ಹಿಂದೆ ಎಳನೀರು ಬುರುಡೆಗಳ ಗುಡ್ಡೆ. ನೋಡಲು ಬಂದವರೆಲ್ಲ ತಂದು ಕೊಡುತ್ತಿದ್ದದ್ದು ಅದೇ.

ಆ ಕೋಣೆಯಲ್ಲಿ ನೋವು ತರಿಸುವ ಸೂಜಿಗೆ ಯಾವತ್ತೂ ಬರವಿರಲಿಲ್ಲ. ಆಕ್ಸಿಟೋಸಿನ್ ಎಂದು ಅದರ ಹೆಸರು. ಜನರ ಬಾಯಲ್ಲಿ ನೋವಿನ ಸೂಜಿ. ಗರ್ಭಕೋಶವನ್ನು ಹಿಂಡುವ ಔಷಧ. ಡ್ರಿಪ್ಪಿನಲ್ಲಿ ಹನಿಹನಿಯಾಗಿ, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡು ಕೊಟ್ಟರೆ ಒಳ್ಳೆಯದು. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲಂತೂ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ನೋಡಿಕೊಂಡು ಕೊಡುವ ವ್ಯವಧಾನ ಯಾರಿಗಿತ್ತು? ನಮ್ಮ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಮಧ್ಯಾಹ್ನ ಮನೆಗೆ ಹೊರಡುವ ಮೊದಲು ಬಾಗಿಲಲ್ಲೇ ನಿಂತು, “ಇನ್ನೂ ಆಗಿಲ್ವೇನಮ್ಮ? ಡ್ರಿಪ್ ಜೋರು ಮಾಡು” ಎನ್ನುತ್ತಿದ್ದರು. ಮಲಗಿದವಳ ಮುಖ ಕೂಡ ನೋಡುತ್ತಿರಲಿಲ್ಲ. ಮನೆಯವರೂ ಅಷ್ಟೇ: “ಏನ್ರೀ ಸಿಸ್ಟ್ರೇ, ಪಕ್ಕದ ಮಂಚದವ್ಳಿಗೆ ಹಾಕುದ್ರಿ, ನಮ್ಮವ್ಳಿಗೆ ಯಾಕೆ ಹಾಕ್ಲಿಲ್ಲ?” ಸೂಜಿ ಹಾಕದಿದ್ದರೆ ಆಸ್ಪತ್ರೆಗೆ ಬಂದದ್ದೇ ದಂಡ ಎಂದುಕೊಳ್ಳುತ್ತಿದ್ದರು.

ನೋವು ಕಳೆಯುವ ಔಷಧವೂ ಇತ್ತು, ಪೆಥಿಡಿನ್. ಅಮಲಿನ ಔಷಧವೆಂದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು. ಕೀಲಿ ದೊಡ್ಡ ಡಾಕ್ಟರ ಜೇಬಿನಲ್ಲಿ. ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳು ಹಗಲೆಲ್ಲ ಒದ್ದಾಡುವುದನ್ನು ನೋಡಲಾಗದೆ ಒಮ್ಮೆ ಕೇಳಿದೆ. “ಏನಮ್ಮ, ಹೆರಿಗೆ ಅಂದ್ಮೇಲೆ ನೋವಿಲ್ಲದೆ ಮತ್ತೇನಿರುತ್ತೆ? ನಿಮ್ಮಮ್ಮ ನಿನ್ನ ಹೆತ್ತಾಗ ಯಾರು ಕೊಟ್ಟಿದ್ರು?” ಎಂದು ನಕ್ಕರು. ಪಕ್ಕದಲ್ಲಿದ್ದ ಆಯಾ, ಆ ಹುಡುಗಿಯ ಕಾಲು ಹಿಡಿದಿದ್ದವಳು, “ಗಂಡನ ಪಕ್ಕ ಮಲಗ್ದಾಗ ಚೆನ್ನಾಗಿತ್ತೇನೇ? ಈಗ ಬಡ್ಕೊ” ಎಂದಳು. ಆ ಮಾತು ಆ ಕೋಣೆಯಲ್ಲಿ ಎಷ್ಟು ಸಲ ಕೇಳಿದೆನೋ. ಹೇಳುವವರು ಹೆಂಗಸರು, ಹೇಳಿಸಿಕೊಳ್ಳುವವರೂ ಹೆಂಗಸರು. ಇವತ್ತಿಗೂ ನೆನೆದರೆ ಹಲ್ಲು ಕಚ್ಚುವಂತಾಗುತ್ತದೆ.

ಆಮೇಲೆ ಒಂದು ದಿನ ದೊಡ್ಡ ಡಾಕ್ಟರಿಗೇ ಕಿಡ್ನಿ ಕಲ್ಲಿನ ನೋವು ಬಂತು. ತಮ್ಮ ರೂಮಿನ ಬೆಂಚಿನ ಮೇಲೆ ಮುದುಡಿ ಬಿದ್ದು, ಕೀಲಿಗೊಂಚಲನ್ನು ನನ್ನತ್ತ ಎಸೆದು, “ಪೆಥಿಡಿನ್ ತಾರಮ್ಮ, ಬೇಗ ತಾ, ಸತ್ತೇಹೋಗ್ತೀನಿ” ಎಂದು ಕೂಗಿದ ಕೂಗು ವಾರ್ಡಿನ ತುದಿಯವರೆಗೂ ಕೇಳಿಸಿತು. ಬಾಣಂತಿಯೊಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದವಳು ತಲೆಯೆತ್ತಿ, “ಏನ್ ಸಿಸ್ಟ್ರೇ, ಗಂಡಸ್ರಿಗೂ ಶುರುವಾಯ್ತಾ?” ಎಂದಳು. ಇಡೀ ವಾರ್ಡು ನಕ್ಕಿತು. ನಾನು ಓಡಿಹೋಗಿ ಸೂಜಿ ಹಾಕಿದೆ. ಅವರಿಗೆ ನೋವು ಇಳಿಯಿತು. ಬುದ್ಧಿ ಬರಲಿಲ್ಲ. ಮಾರನೆಯ ವಾರ ಕೀಲಿ ಮತ್ತೆ ಜೇಬಿನಲ್ಲೇ.

ಅರಿವಳಿಕೆಯ ಸಂಗತಿಗೆ ಬರುತ್ತೇನೆ. ಅದನ್ನು ಕೊಡಲು ನಮಗಿದ್ದವರು ಸದಾನಂದ ಡಾಕ್ಟರು ಒಬ್ಬರೇ. ಸರ್ಕಾರಿಯೂ ಅವರೇ, ಖಾಸಗಿಯೂ ಅವರೇ. ಸ್ಕೂಟರಿನ ಮುಂದೆ ರೆಕ್ಸಿನ್ ಬ್ಯಾಗು ಇಟ್ಟುಕೊಂಡು ಈ ಊರಿಂದ ಆ ಊರಿಗೆ ಓಡಾಡುತ್ತಿದ್ದರು. ಮೊದಮೊದಲು ಮೂಗಿಗೆ ಹಿಡಿದು ಮಲಗಿಸುವ ಈಥರ್. ಆ ವಾಸನೆ ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗದು. ಆಮೇಲೆ ನರಕ್ಕೆ ಚುಚ್ಚುವ ಕೆಟಮಿನ್ ಹೆಚ್ಚಾಯಿತು. ಅದನ್ನು ಕೊಟ್ಟರೆ ಕಣ್ಣು ತೆರೆದೇ ಇರುತ್ತದೆ, ಹೆಂಗಸು ಅಲ್ಲಿರುವುದಿಲ್ಲ. ಎಚ್ಚರವಾಗುವಾಗ ಚೀರುತ್ತಿದ್ದರು, ಕೈಯಾಡಿಸುತ್ತಿದ್ದರು. ಮೈಮೇಲೆ ದೇವರು ಬಂದಿದೆ ಎಂದು ಹೊರಗಿದ್ದವರು ಕುಂಕುಮ ತಂದದ್ದೂ ಉಂಟು. ಆಮೇಲೆ ಸಿಸೇರಿಯನ್ನಿಗೆ ಬೆನ್ನಿನ ಸೂಜಿ ಬಂತು. ಸೊಂಟದ ಕೆಳಗೆ ಮಾತ್ರ ಮರಗಟ್ಟುವುದು, ತಾಯಿ ಎಚ್ಚರವಾಗಿದ್ದು ಮಗುವಿನ ಮೊದಲ ಅಳು ಕೇಳುವುದು. ನಿಜಕ್ಕೂ ದೊಡ್ಡ ವಿಷಯ. ಆದರೆ ನಮ್ಮಲ್ಲಿದ್ದದ್ದು ದಪ್ಪ ಸೂಜಿ, ಕುದಿಸಿ ಕುದಿಸಿ ಮತ್ತೆ ಬಳಸುವುದು. ಅದು ಬೆನ್ನುಹುರಿಯ ಪೊರೆಯಲ್ಲಿ ಮಾಡಿದ ತೂತಿನಿಂದ ನೀರು ಸೋರಿ, ಬಾಣಂತಿಯರು ಎದ್ದು ಕೂತರೆ ತಲೆ ಸಿಡಿಯುವಂತೆ ನೋಯುತ್ತಿತ್ತು.

ಬಜಾರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ರಹಮತ್ ಸಾಹೇಬರ ಹೆಂಡತಿಗೂ ಹಾಗೇ ಆಯಿತು. ಸಾಹೇಬರು ಜಗಳಕ್ಕೆ ಬಂದರು. “ಆ ಸೂಜಿ ಒಂದ್ಸಲ ತೋರ್ಸಿ ಡಾಕ್ಟ್ರೇ” ಎಂದರು. ಸದಾನಂದ ಡಾಕ್ಟರು ಟ್ರೇಯಿಂದ ಎತ್ತಿ ತೋರಿಸಿದರು. ಸಾಹೇಬರು ಬೆಳಕಿಗೆ ಹಿಡಿದು ನೋಡಿ, “ಯಾ ಅಲ್ಲಾ! ಇದು ಗೋಣಿಚೀಲ ಹೊಲಿಯೋ ದಬ್ಬಣ ಕಣ್ರೀ! ಮಲ್ಲಿನ ಬಟ್ಟೆಗೆ ಯಾರಾದ್ರೂ ಇದ್ರಲ್ಲಿ ಹೊಲೀತಾರಾ?” ಎಂದರು. ಡಾಕ್ಟರಿಗೂ ನಗು ಬಂತು. “ಸಾಹೇಬ್ರೇ, ಸಣ್ಣದು ಬೇಕು ಅಂತ ನಾನೂ ಬರೆದು ಬರೆದು ಸಾಕಾಗಿದೀನಿ. ನೀವೂ ಒಂದು ಅರ್ಜಿ ಹಾಕಿ” ಎಂದರು. ಕೂದಲೆಳೆಯಂಥ ಸೂಜಿಗಳು ನಮ್ಮಲ್ಲಿಗೆ ಬರುವ ಹೊತ್ತಿಗೆ ಸಾಹೇಬರ ಮಗಳು ಶಾಲೆಗೆ ಹೋಗುತ್ತಿದ್ದಳು.

ಅಷ್ಟರೊಳಗೆ ಹಳ್ಳಿಗಳಲ್ಲಿ ಮಾತು ಹರಡಿಯಾಗಿತ್ತು. ಬೆನ್ನಿಗೆ ಚುಚ್ಚಿಸಿಕೊಂಡವಳು ಕೊಡ ಹೊರಲಾರಳು, ತೋಟದಲ್ಲಿ ಬಗ್ಗಿ ಕಾಯಿ ಆಯಲಾರಳು ಎಂದು. ಗಂಡಂದಿರು ಬಂದು, “ಬೆನ್ನಿಗೆ ಬ್ಯಾಡ, ಪೂರ್ತಿ ಮಲಗ್ಸಿಬುಡಿ” ಎನ್ನುವರು. ಅತ್ತೆಯರು ಹೂಂ ಎನ್ನುವರು. ಬೆನ್ನು ಯಾರದೋ ಅವಳನ್ನು ಕೇಳಿದವರು ಇಲ್ಲ. ನಾವು ಕೇಳಿದ್ದೆವೋ ಎಂದರೆ, ಸದಾನಂದ ಡಾಕ್ಟರನ್ನು ಬಿಟ್ಟರೆ ಆ ರೂಢಿಯೇ ನಮ್ಮಲ್ಲಿರಲಿಲ್ಲ. ಈ ರೂಢಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಾನು ಭಾಗ್ಯಳ ವಿಷಯದಲ್ಲಿ ಕಂಡೆ.

ಭಾಗ್ಯ ಹಂದನಕೆರೆ ಕಡೆಯವಳು. ತವರು ಶೆಟ್ಟಿಕೆರೆ. ಗಂಡ ರಾಜಣ್ಣನಿಗೆ ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಸೀಮೆಹಸು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಮೊದಲನೆಯ ಹೆಣ್ಣುಮಗು ನಮ್ಮ ವಾರ್ಡಿನಲ್ಲೇ ಹುಟ್ಟಿದ್ದು. ಎರಡನೆಯದಕ್ಕೆ ದಿನ ತುಂಬಿದ್ದಾಗ, ಒಂದು ಮಧ್ಯಾಹ್ನ, ಕಾಯಿ ತುಂಬುವ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ಬಂದರು. ಗಡಿಬಿಡಿಯೇನೂ ಇರಲಿಲ್ಲ. ಅತ್ತೆ ಎಲೆಅಡಿಕೆ ಜಗಿಯುತ್ತ ಇಳಿದು ಹೇಳಿದಳು:

“ಬೆಳಿಗ್ಗೆಯಿಂದ ನೋವು ಚೆನ್ನಾಗೇ ಬತ್ತಿತ್ತು ಕಣವ್ವ. ಈಗ ನಿಂತೇ ಹೋಯ್ತು. ಅದ್ಕೇ ಇನ್ನೊಂದು ಸೂಜಿ ಹಾಕುಸ್ಕೊಂಡು ಹೋಗನ ಅಂತ ಬಂದ್ವಿ.”

“ಇನ್ನೊಂದು ಅಂದ್ರೆ? ಮೊದಲನೇದು ಯಾರು ಹಾಕಿದ್ರು?”

“ನಾನೇ ಹಾಕ್ದೆ ಸಿಸ್ಟ್ರೇ” ಎಂದ ರಾಜಣ್ಣ, ಮುಚ್ಚುಮರೆ ಇಲ್ಲದೆ. “ಹಸಕ್ಕೆ ದಿನಾ ಹಾಕಿ ಹಾಕಿ ಕೈ ಪಳಗೈತೆ. ಒಂದಕ್ಕೆ ಬಗ್ಗಲಿಲ್ಲ, ಆಮೇಲೆ ಇನ್ನೊಂದು ಕೊಟ್ಟೆ.”

ಹಸು ಹಾಲು ಇಳಿಸಲೆಂದು ಕರೆಯುವ ಮೊದಲು ಚುಚ್ಚುವ ಔಷಧವೂ ಆಕ್ಸಿಟೋಸಿನ್ನೇ. ಆಗ ನಮ್ಮ ಕಡೆ ಎಷ್ಟೋ ಕೊಟ್ಟಿಗೆಗಳ ಗೂಡಿನಲ್ಲಿ ದೀಪದ ಬುಡ್ಡಿಯ ಪಕ್ಕ ಅದರ ಬಾಟಲಿ ಇರುತ್ತಿತ್ತು.

ನಾನು ಭಾಗ್ಯಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಗಟ್ಟಿಯಾಗಿ ದುಂಡಗಿರಬೇಕಾದ ಗರ್ಭಕೋಶ ಕೈಗೆ ಸಿಗಲಿಲ್ಲ. ಮಗುವಿನ ಕೈಕಾಲು ಚರ್ಮದ ಕೆಳಗೇ ಇದ್ದಂತೆ ಸಿಕ್ಕಿದವು. ಅವಳ ತುಟಿ ಬೆಳ್ಳಗಾಗಿತ್ತು, ನಾಡಿ ದಾರದ ಎಳೆಯಂತೆ ಓಡುತ್ತಿತ್ತು. ನೋವು ನಿಂತದ್ದು ಯಾಕೆಂದು ತಿಳಿಯಿತು. ಗರ್ಭಕೋಶ ಒಡೆದಿತ್ತು.

“ಅಕ್ಕಾ, ಈಗ ನೋವೇ ಇಲ್ಲ. ಬಾಯಾರ್ತೈತೆ, ಒಂಚೂರು ನೀರು ಕೊಡಿ” ಎಂದಳು ಭಾಗ್ಯ.

ದೊಡ್ಡ ಡಾಕ್ಟರು ಬಂದು ನೋಡಿದರು. ಸಿಟ್ಟಿನಲ್ಲೂ ಒಂದು ಮಾತು ಒಪ್ಪಿಕೊಳ್ಳಬೇಕು: ಕತ್ತಿ ಹಿಡಿದರೆ ಅವರ ಕೈ ಬಹಳ ಚೆನ್ನಾಗಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿದರೆ ದಾರಿಯಲ್ಲೇ ಹೋಗುತ್ತಾಳೆ, ಇಲ್ಲೇ ಮಾಡೋಣ ಎಂದರು. ಸದಾನಂದ ಡಾಕ್ಟರು ಅದೇ ಊರಿನ ಇನ್ನೊಂದು ಕಡೆ ಇದ್ದರು. ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಬಂದರು.

“ಬೆನ್ನಿಗೆ ಕೊಟ್ಟುಬಿಡಿ, ಬೇಗ ಶುರು ಮಾಡೋಣ” ಎಂದರು ದೊಡ್ಡ ಡಾಕ್ಟರು.

“ಆಗಲ್ಲ ಸಾರ್. ಇಷ್ಟು ರಕ್ತ ಹೋಗಿರೋವಾಗ ಬೆನ್ನಿಗೆ ಕೊಟ್ಟರೆ ಬಿಪಿ ಪೂರ್ತಿ ಬಿದ್ದುಹೋಗುತ್ತೆ. ಮಲಗಿಸಲೇಬೇಕು. ಏನು ತಿಂದಿದ್ದಾಳೆ?”

ನಾನು ಹೊರಗೆ ಬಂದು ಅತ್ತೆಯನ್ನು ಕೇಳಿದೆ. “ಸುಸ್ತಾಗಬಾರ್ದು ಅಂತ ಅವಲಕ್ಕಿ ತುಪ್ಪ ತಿನ್ಸಿದೀನಿ. ಬರೋ ಮುಂಚೆ ಎಳನೀರು ಕುಡುಸ್ದೆ, ಹೊಟ್ಟೆ ತಂಪಾಗ್ಲಿ ಅಂತ” ಎಂದಳು, ಹೊಗಳಿಸಿಕೊಳ್ಳುವವಳಂತೆ. ಹೊಟ್ಟೆ ತುಂಬಿದವಳನ್ನು ಪೂರ್ತಿ ಮಲಗಿಸಿದರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇಳಿದರೆ ಆಪರೇಷನ್ನಿನಲ್ಲಿ ಉಳಿದವಳೂ ಆಮೇಲೆ ಉಳಿಯಲಾರಳು. ಎರಡೂ ಕಡೆ ಅವಳಿಗೆ ಸಾವೇ. ಅದನ್ನು ತಂದಿಟ್ಟವರು ಅವಳ ಒಳ್ಳೆಯದಕ್ಕೇ ಮಾಡಿದೆವು ಎನ್ನುವವರು.

ಸದಾನಂದ ಡಾಕ್ಟರು ಅವಳ ತಲೆಯ ಹತ್ತಿರ ನಿಂತರು. ಅಷ್ಟು ಆತುರದಲ್ಲೂ ಹೇಳದೆ ಏನೂ ಮಾಡಲಿಲ್ಲ. “ಭಾಗ್ಯಮ್ಮ, ನಿದ್ದೆಯ ಔಷಧ ಕೊಡ್ತೀನಿ. ಈ ಸಿಸ್ಟರ್ ನಿಮ್ಮ ಗಂಟಲು ಒತ್ತಿ ಹಿಡೀತಾರೆ, ತಿಂದದ್ದು ಮೇಲೆ ಬರಬಾರದು ಅಂತ. ಹೆದರಬೇಡಿ.”

“ಮಗ ಐತಾ ಡಾಕ್ಟ್ರೇ?”

“ಮೊದಲು ನೀವು ಇರಬೇಕು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಔಷಧ ಏರಿತು. ಕೊಳವೆ ಉಸಿರಿನ ದಾರಿಗೆ ಸೇರಿ, ಡಾಕ್ಟರು “ಬಿಡಿ” ಎನ್ನುವವರೆಗೆ ನಾನು ಬೆರಳು ಸಡಿಲಿಸಲಿಲ್ಲ. ದೊಡ್ಡ ಡಾಕ್ಟರು ಹೊಟ್ಟೆ ತೆರೆದರು. ಮಗು ಆಗಲೇ ಹೋಗಿತ್ತು. ಗಂಡುಮಗು. ಗರ್ಭಕೋಶ ಹೊಲಿಯುವ ಸ್ಥಿತಿಯಲ್ಲಿರಲಿಲ್ಲ, ತೆಗೆದರು. ರಾಜಣ್ಣನದೂ ಟೆಂಪೋ ಓಡಿಸುವವನದೂ ರಕ್ತ ಹೊಂದಿಕೆಯಾಯಿತು, ಅದನ್ನೇ ಹತ್ತಿಸಿದೆವು. ಸಂಜೆ ಹೊತ್ತಿಗೆ ಭಾಗ್ಯ ತಾನಾಗಿ ಉಸಿರಾಡಿದಳು.

ದೊಡ್ಡ ಡಾಕ್ಟರು ಕೈ ತೊಳೆದು ಹೊರಗೆ ಬಂದು ರಾಜಣ್ಣನಿಗೆ ಬೈದರು. “ದನಕ್ಕೆ ಕೊಡೋದನ್ನ ಹೆಂಡ್ತಿಗೆ ಕೊಟ್ಟಿದೀಯಲ್ಲೋ! ನಿನಗೂ ದನಕ್ಕೂ ಏನು ವ್ಯತ್ಯಾಸ?” ಸುತ್ತ ನಿಂತವರು ನಕ್ಕರು. ರಾಜಣ್ಣ ತಲೆ ತಗ್ಗಿಸಿಕೊಂಡೇ ಹೇಳಿದ:

“ಮೊದಲ್ನೇದಕ್ಕೆ ಇಲ್ಲೇ ಹಾಕಿದ್ರಲ್ಲ ಸಾರ್, ನೀವೇ ಬಾಗ್ಲಲ್ಲಿ ನಿಂತ್ಕಂಡು ಹಾಕು ಹಾಕು ಅಂದ್ರಿ. ಅದರ ಹೆಸರು ನೋಡಿದ್ದೆ. ನಮ್ಮ ಹಸದ ಬಾಟ್ಲಿ ಮೇಲೂ ಅದೇ ಹೆಸರೈತೆ.”

ದೊಡ್ಡ ಡಾಕ್ಟರು, “ತಲೆಹರಟೆ ಮಾತಾಡಬೇಡ” ಎಂದು ಹೊರಟುಹೋದರು.

ನನ್ನ ಸಿಟ್ಟು ಎಲ್ಲಿ ನೆಟ್ಟಿದೆ ಎಂದರೆ ಇಲ್ಲಿ. ರಾಜಣ್ಣನ ಮೇಲೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅವನಿಗೆ ಪಾಠ ಹೇಳಿಕೊಟ್ಟವರು ಯಾರು? ಹೆರಿಗೆಯೆಂದರೆ ಸೂಜಿ ಚುಚ್ಚಿ ಬೇಗ ಮುಗಿಸುವ ಕೆಲಸ, ಮಲಗಿದವಳಿಗೆ ಹೇಳುವುದೇನೂ ಇಲ್ಲ, ಕೇಳುವುದೇನೂ ಇಲ್ಲ ಎಂಬುದನ್ನು ಅವನು ಕೊಟ್ಟಿಗೆಯಲ್ಲಿ ಕಲಿತದ್ದಲ್ಲ. ನಮ್ಮ ಬಾಗಿಲಲ್ಲಿ ನಿಂತು ನೋಡಿ ಕಲಿತದ್ದು. ಮೊನ್ನೆ ಬಂದ ಹುಡುಗಿಯನ್ನೂ ಕೇಳಿದೆ: “ಡ್ರಿಪ್ಪಿಗೆ ಏನು ಸೇರಿಸ್ತೀರ ಅಂತ ಅವರಿಗೆ ಹೇಳ್ತೀರಾ?” “ಅಯ್ಯೋ, ಅವರಿಗೇನು ಅರ್ಥ ಆಗುತ್ತೆ ದೊಡ್ಡಮ್ಮ” ಎಂದಳು. ಈಗ ಸೂಜಿ ಸಣ್ಣದಾಗಿದೆ, ಬೆರಳಿಗೆ ಸಿಕ್ಕಿಸಿದರೆ ಆಮ್ಲಜನಕ ತೋರಿಸುವ ಯಂತ್ರ ಬಂದಿದೆ, ನೋವಿಲ್ಲದ ಹೆರಿಗೆಯೆಂದು ದುಡ್ಡಿದ್ದವರ ಊರುಗಳಲ್ಲಿ ಬೋರ್ಡು ಹಾಕುತ್ತಾರಂತೆ. ‘ಅವರಿಗೇನು ಅರ್ಥ ಆಗುತ್ತೆ’ ಎಂಬ ಈ ಒಂದು ಮಾತು ಮಾತ್ರ ಇದ್ದಲ್ಲೇ ಇದೆ. ಹೇಳಿ ನೋಡು ಮಗಳೇ. ಅರ್ಥವಾಗುತ್ತದೋ ಇಲ್ಲವೋ ಆಮೇಲೆ ಗೊತ್ತಾಗುತ್ತದೆ.

ಭಾಗ್ಯಳಿಗೂ ಯಾರೂ ಹೇಳಲಿಲ್ಲ. ಮಗು ಹೋದದ್ದು ತಿಳಿಯಿತು, ಅದನ್ನು ಮುಚ್ಚಿಡಲು ಆಗುವುದಿಲ್ಲ. ಗರ್ಭಕೋಶ ತೆಗೆದದ್ದನ್ನು ಹೇಳಬಾರದೆಂದು ದೊಡ್ಡ ಡಾಕ್ಟರ ಅಪ್ಪಣೆಯಾಯಿತು. “ಅಳ್ತಾಳೆ, ಹೊಲಿಗೆ ಬಿಡುತ್ತೆ. ಮನೆಗೆ ಹೋದ್ಮೇಲೆ ಅವರೇ ಹೇಳ್ಕೊಳ್ಳಲಿ.” ಅತ್ತೆಗೂ ರಾಜಣ್ಣನಿಗೂ ಗೊತ್ತಿತ್ತು. ಅತ್ತೆ ದಿನವೂ ಮಂಚದ ಪಕ್ಕ ಕೂತು ಸೊಸೆಯ ತಲೆ ಸವರುತ್ತ, “ಹೋದದ್ದು ಹೋಯ್ತು ಬುಡು. ಬರೋ ವರ್ಷಕ್ಕೆ ಇನ್ನೊಂದಾಯ್ತದೆ” ಎನ್ನುತ್ತಿದ್ದಳು. ನಾನು ಡ್ರೆಸಿಂಗ್ ಮಾಡುತ್ತ ಕೇಳಿಸಿಕೊಳ್ಳಬೇಕು.

ಒಂದು ಬೆಳಿಗ್ಗೆ ಅತ್ತೆ ಕಾಫಿಗೆ ಹೋದ ಹೊತ್ತಿನಲ್ಲಿ ಭಾಗ್ಯ ನನ್ನ ಕೈ ಹಿಡಿದುಕೊಂಡಳು. “ಅಕ್ಕಾ, ನಮ್ಮತ್ತೆ ಯಾವತ್ತೂ ನನ್ನ ತಲೆ ಸವರಿದವರಲ್ಲ. ಏನಾಗೈತೆ ಹೇಳಿ.”

ಅಪ್ಪಣೆ ನೆನಪಿತ್ತು. ಹೇಳಿದೆ. ಗರ್ಭಕೋಶ ಒಡೆದದ್ದು, ಯಾವ ಸೂಜಿಯಿಂದ ಒಡೆಯಿತು ಎಂಬುದು, ತೆಗೆಯದಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂಬುದು. ಔಷಧದ ಹೆಸರನ್ನೂ ಹೇಳಿದೆ. ಅವಳು ಅಳಲಿಲ್ಲ. ಎದೆಯ ಮೇಲೆ ಕೈಯಿಟ್ಟು, “ಮತ್ತೆ ಇದು ಯಾಕೆ ಬತ್ತೈತೆ?” ಎಂದಳು. ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ನಾನು ಪಂಚೆಯ ತುಂಡು ತಂದು ಬಿಗಿಯಾಗಿ ಕಟ್ಟಿದೆ. ಯಾಕಮ್ಮ ಹೇಳಿದೆ ಎಂದು ದೊಡ್ಡ ಡಾಕ್ಟರು ಮಧ್ಯಾಹ್ನ ನನ್ನನ್ನು ಎಲ್ಲರೆದುರು ನಿಲ್ಲಿಸಿ ಕೂಗಾಡಿದರು. ಕೂಗಾಡಲಿ ಎಂದು ನಿಂತಿದ್ದೆ.

ಮನೆಗೆ ಕಳಿಸುವ ದಿನ ಶೆಟ್ಟಿಕೆರೆಯಿಂದ ಭಾಗ್ಯಳ ತಾಯಿ, ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ರಾಜಣ್ಣ ಟೆಂಪೋ ತಂದು ಮೆಟ್ಟಿಲ ಹತ್ತಿರ ನಿಲ್ಲಿಸಿ, ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿದ್ದ.

“ಹತ್ತು, ಹೋಗನ” ಎಂದ.

“ನಾನು ಅವ್ವನ ಜೊತೆ ಹೋಯ್ತೀನಿ” ಎಂದಳು ಭಾಗ್ಯ. “ಕೊಟ್ಟಿಗೇಲಿರೋ ಸೂಜಿ, ಬಾಟ್ಲಿ ಎಲ್ಲಾ ತಿಪ್ಪೆಗೆ ಹಾಕಿ ಬಂದು ಕರಿ. ಆಮೇಲೆ ನೋಡ್ತೀನಿ.”

ಅತ್ತೆ, “ಅದ್ಯಾಕೆ ಇವ್ಳು ಹಿಂಗಾಡ್ತಾಳೆ, ಆಸ್ಪತ್ರೆಯವ್ರು ಏನೋ ತಲೆಗೆ ತುಂಬವ್ರೆ” ಎಂದು ನನ್ನತ್ತ ನೋಡಿದಳು. ರಾಜಣ್ಣ ಹತ್ತಿರ ಬಂದು ದನಿ ತಗ್ಗಿಸಿದ.

“ನಿಂಗೆ ಇನ್ಮೇಲೆ ಹಾಕ್ತೀನೇನೇ? ಆಣೆ ಮಾಡ್ತೀನಿ ಬೇಕಾದ್ರೆ. ಹಸಕ್ಕೆ ಬೇಕಲ್ವಾ. ಅದರ ಕರ ಸತ್ತೋಗೈತೆ ಕಣೇ. ಸೂಜಿ ಇಲ್ದೆ ತೊಟ್ಟು ಹಾಲೂ ಇಳ್ಸಲ್ಲ.”

ಭಾಗ್ಯ ಅವನನ್ನೇ ನೋಡಿದಳು. ಅವನಿಗೆ ತಾನು ಆಡಿದ್ದೇನೆಂದು ತಿಳಿದಿರಲಿಲ್ಲ. ಅವಳು ಸೆರಗನ್ನು ಎದೆಯ ತುಂಬ ಎಳೆದುಕೊಂಡು, “ಇಳಿಸ್ದಿದ್ರೆ ಬುಡು. ಅದರ ಪಾಡಿಗೆ ಅದು ಇರ್ಲಿ” ಎಂದಳು.

ಆಮೇಲೆ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಹೊಲಿಗೆ ಜಗ್ಗಬಾರದೆಂದು ಅವಳ ತೋಳು ಹಿಡಿದುಕೊಂಡು ನಾನೂ ಬಸ್ ನಿಲ್ದಾಣದ ತನಕ ಹೋದೆ. ಶೆಟ್ಟಿಕೆರೆಯ ಬಸ್ಸಿನಲ್ಲಿ ಮುಂದಿನ ಸೀಟು ಬಿಡಿಸಿಕೊಡಿ ಎಂದು ಕಂಡಕ್ಟರನ್ನು ಕೇಳಿಕೊಂಡೆ. ಯಾರೋ ಎದ್ದು ಜಾಗ ಕೊಟ್ಟರು. ರಾಜಣ್ಣ ಟೆಂಪೋವನ್ನು ಅಲ್ಲೇ ಬಿಟ್ಟು ಓಡಿ ಬಂದು, ಕಿಟಕಿಯ ಸರಳು ಹಿಡಿದು ನಿಂತ. ಅವಳು ಮಗಳನ್ನು ಮಡಿಲಿಗೆ ಕೂರಿಸಿಕೊಂಡು ಕಿಟಕಿಯ ಗಾಜು ಎಳೆದಳು. ಗಾಜು ಸಿಕ್ಕಿಹಾಕಿಕೊಂಡಿತ್ತು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಪೂರ್ತಿ ಎಳೆದಳು.